ಉಂಡ ಅನ್ನ ಕರುಳಿಗೆ ಹೇಳುವ ಮಾತು: ಆಹಾರದ ಪೋಷಕಾಂಶಗಳು ಮತ್ತು ಕರುಳಿನ ಹಾರ್ಮೋನುಗಳು

ಬೆಳಿಗ್ಗೆ ಚಹಾದೊಂದಿಗೆ ನಾಲ್ಕು ಬಿಸ್ಕತ್ತು ತಿಂದು ಶಾಲೆಗೆ ಹೊರಟ ಮಗುವಿಗೆ ಎರಡನೆಯ ಪೀರಿಯಡ್ ಮುಗಿಯುವಷ್ಟರಲ್ಲಿ ಹೊಟ್ಟೆ ಚುರುಗುಟ್ಟುವುದುಂಟು. ಗಂಜಿಯ ಜತೆ ಹೆಸರುಕಾಳಿನ ಪಲ್ಯವನ್ನೋ, ರಾಗಿಮುದ್ದೆಯ ಜತೆ ಹುರುಳಿಸಾರನ್ನೋ, ಜೋಳದ ರೊಟ್ಟಿಯ ಜತೆ ಶೇಂಗಾ ಚಟ್ನಿಯನ್ನೋ ಉಂಡು ಹೊರಟ ಮಗುವಿಗೆ ಮಧ್ಯಾಹ್ನದ ಗಂಟೆಯವರೆಗೂ ಊಟದ ನೆನಪು ಬಾರದಿರಬಹುದು. ತಿಂದ ಪ್ರಮಾಣವೊಂದೇ ಇದಕ್ಕೆ ಕಾರಣವಲ್ಲ. ತಿಂದದ್ದು ಏನು ಎಂಬುದನ್ನು ನಮ್ಮ ಕರುಳು ಗುರುತಿಸುತ್ತದೆ. ಗುರುತಿಸಿದ್ದನ್ನು ರಕ್ತದ ಮೂಲಕ ಮತ್ತು ನರಗಳ ಮೂಲಕ ಮೇದೋಜೀರಕ ಗ್ರಂಥಿಗೆ, ಪಿತ್ತಕೋಶಕ್ಕೆ, ಜಠರಕ್ಕೆ, ಮಿದುಳಿಗೆ ತಿಳಿಸುತ್ತದೆ. ಹಾಗೆ ತಿಳಿಸುವ ದೂತರೇ ಕರುಳಿನ ಹಾರ್ಮೋನುಗಳು.

ಗಡಿಯಾಚೆಯ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ವಿಜ್ಞಾನವನ್ನು ಕನ್ನಡದಲ್ಲಿ ಕಲಿಯುತ್ತಾರೆ. ಆದರೆ ಅದೇ ಮಕ್ಕಳ ಮನೆಯವರು ಆಸ್ಪತ್ರೆಗೆ ಹೋದಾಗ ವೈದ್ಯರ ಮಾತು ಮಲಯಾಳದಲ್ಲಿ, ತಮಿಳಿನಲ್ಲಿ, ಮರಾಠಿಯಲ್ಲಿ ಅಥವಾ ತೆಲುಗಿನಲ್ಲಿರುತ್ತದೆ. ಔಷಧದ ಚೀಟಿ ಇಂಗ್ಲಿಷಿನಲ್ಲಿರುತ್ತದೆ. ಪಾಠದಲ್ಲಿ ಓದಿದ್ದು ಬೇರೆ, ಮನೆಯಲ್ಲಿ ಉಣ್ಣುವುದು ಬೇರೆ, ವೈದ್ಯರು ಹೇಳುವುದು ಬೇರೆ ಎಂಬಂತಾಗಬಾರದು. ಈ ಮೂರೂ ಒಂದೇ ವಿಷಯವೆಂಬುದನ್ನು ತೋರಿಸುವುದೇ ನಮ್ಮ ಈ ಬರಹದ ಉದ್ದೇಶ.

ಹಾರ್ಮೋನು ಎಂಬ ಪದದ ಹುಟ್ಟು

ಹತ್ತನೆಯ ತರಗತಿಯ ಮಕ್ಕಳು ಹಾರ್ಮೋನು ಎಂದೊಡನೆ ಥೈರಾಯ್ಡ್, ಪಿಟ್ಯುಟರಿ, ಅಡ್ರಿನಲ್ ಎಂದು ಗ್ರಂಥಿಗಳ ಹೆಸರು ಹೇಳುತ್ತಾರೆ. ಆದರೆ ಹಾರ್ಮೋನು ಎಂಬ ಹೆಸರಿಗೆ ದಾರಿ ಮಾಡಿಕೊಟ್ಟದ್ದು ಕರುಳು. ಊಟದ ನಂತರ ಮೇದೋಜೀರಕ ಗ್ರಂಥಿಯು ಜೀರ್ಣರಸ ಸುರಿಸುವುದು ನರಗಳ ಆಜ್ಞೆಯಿಂದಲೇ ಎಂದು ರಷ್ಯದ ಇವಾನ್ ಪಾವ್ಲೋವ್ ಅವರ ಪ್ರಯೋಗಶಾಲೆ ತಿಳಿದಿತ್ತು. 1902ರಲ್ಲಿ ಯೂನಿವರ್ಸಿಟಿ ಕಾಲೇಜ್ ಲಂಡನ್ನಿನಲ್ಲಿ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ಒಂದು ನಾಯಿಯ ಸಣ್ಣ ಕರುಳಿನ ತುಂಡೊಂದರ ನರಸಂಪರ್ಕವನ್ನು ಪೂರ್ತಿ ಕಡಿದು, ರಕ್ತನಾಳಗಳನ್ನು ಮಾತ್ರ ಉಳಿಸಿ, ಆ ತುಂಡಿನೊಳಗೆ ಆಮ್ಲವನ್ನು ಸುರಿದರು. ನರವಿಲ್ಲದಿದ್ದರೂ ಮೇದೋಜೀರಕ ಗ್ರಂಥಿ ರಸವನ್ನು ಸುರಿಸಿತು. ಕರುಳಿನ ಒಳಪದರದಿಂದ ಹೊರಟ ಯಾವುದೋ ವಸ್ತು ರಕ್ತದ ಮೂಲಕ ಸಾಗಿ ಗ್ರಂಥಿಯನ್ನು ಎಬ್ಬಿಸಿದೆ ಎಂದು ಅವರು ಅರಿತರು. ಅದಕ್ಕೆ ಸೆಕ್ರೆಟಿನ್ ಎಂದು ಹೆಸರಿಟ್ಟರು. 1905ರಲ್ಲಿ ಸ್ಟಾರ್ಲಿಂಗ್ ಇಂಥ ವಸ್ತುಗಳಿಗೆಲ್ಲ ಹಾರ್ಮೋನು ಎಂಬ ಪದವನ್ನು ಬಳಸಿದರು. ಗ್ರೀಕಿನಲ್ಲಿ ಅದರ ಮೂಲಕ್ಕೆ ಎಬ್ಬಿಸು, ಪ್ರಚೋದಿಸು ಎಂಬ ಅರ್ಥವಿದೆ.

ಅಂದಿನಿಂದ ಇಂದಿನವರೆಗೆ ಕರುಳಿನ ಇಂಥ ದೂತರ ಪಟ್ಟಿ ಉದ್ದವಾಗುತ್ತಲೇ ಬಂದಿದೆ. ಕರುಳಿನ ಒಳಪದರದ ಜೀವಕೋಶಗಳಲ್ಲಿ ಹಾರ್ಮೋನು ಸುರಿಸುವವು ನೂರಕ್ಕೆ ಒಂದರಷ್ಟು ಮಾತ್ರ. ಆದರೂ ಕರುಳಿನ ಉದ್ದ ಮತ್ತು ವಿಸ್ತಾರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ದೇಹದ ಅತಿ ದೊಡ್ಡ ಅಂತಃಸ್ರಾವಕ ಅಂಗ ಇದೇ ಆಗಿದೆ. ಈ ಜೀವಕೋಶಗಳ ಒಂದು ತುದಿ ಆಹಾರ ಹರಿಯುವ ಕೊಳವೆಯ ಕಡೆಗೆ ಮುಖಮಾಡಿರುತ್ತದೆ; ಇನ್ನೊಂದು ತುದಿ ರಕ್ತನಾಳ ಮತ್ತು ನರದ ಕಡೆಗೆ. ಮುಂದಿನ ಬಾಗಿಲಲ್ಲಿ ಬಂದವರಾರೆಂದು ನೋಡಿ ಹಿಂದಿನ ಬಾಗಿಲಿನಿಂದ ಮನೆಯೊಳಗೆ ಸುದ್ದಿ ಕಳುಹಿಸುವ ಕಾವಲುಗಾರನ ಕೆಲಸ ಅವುಗಳದು.

ಐವರು ದೂತರು

ನಾವಿಲ್ಲಿ ಐದು ಹಾರ್ಮೋನುಗಳನ್ನಷ್ಟೇ ಪರಿಚಯಿಸುತ್ತೇವೆ. ಮೊದಲನೆಯದು ಗ್ರೆಲಿನ್. 1999ರಲ್ಲಿ ಜಪಾನಿನ ವಿಜ್ಞಾನಿಗಳಾದ ಕೊಜಿಮಾ ಮತ್ತು ಕಂಗಾವಾ ಅವರ ತಂಡ ಇದನ್ನು ಜಠರದಲ್ಲಿ ಕಂಡುಹಿಡಿಯಿತು. ಊಟಕ್ಕೆ ಮುನ್ನ ಏರುವ, ಊಟದ ನಂತರ ಇಳಿಯುವ, ಹಸಿವನ್ನು ಕೆರಳಿಸುವ ಹಾರ್ಮೋನಿದು. ಎರಡನೆಯದು ಕೊಲೆಸಿಸ್ಟೊಕೈನಿನ್, ಚಿಕ್ಕದಾಗಿ ಸಿಸಿಕೆ. ಸಣ್ಣ ಕರುಳಿನ ಆರಂಭದ ಭಾಗದಲ್ಲಿ ಹುಟ್ಟುವ ಇದು ಪಿತ್ತಕೋಶವನ್ನು ಸಂಕೋಚಿಸಿ ಪಿತ್ತರಸವನ್ನು ಹೊರಡಿಸುತ್ತದೆ, ಮೇದೋಜೀರಕ ಗ್ರಂಥಿಯ ಕಿಣ್ವಗಳನ್ನು ಕರೆಸುತ್ತದೆ, ಜಠರ ಬರಿದಾಗುವ ವೇಗವನ್ನು ತಗ್ಗಿಸುತ್ತದೆ, ವೇಗಸ್ ನರದ ಮೂಲಕ ಮಿದುಳಿಗೆ ಸಾಕೆಂಬ ಸೂಚನೆ ಕೊಡುತ್ತದೆ. ಮೂರನೆಯದು ಜಿಐಪಿ, ಇದೂ ಸಣ್ಣ ಕರುಳಿನ ಮೇಲ್ಭಾಗದ್ದು. ನಾಲ್ಕನೆಯದು ಜಿಎಲ್‌ಪಿ-1, ಐದನೆಯದು ಪಿವೈವೈ. ಇವೆರಡನ್ನು ಸ್ರವಿಸುವ ಜೀವಕೋಶಗಳು ಕರುಳಿನ ಕೆಳಭಾಗಕ್ಕೆ ಹೋದಂತೆ ಹೆಚ್ಚು ದಟ್ಟವಾಗಿರುತ್ತವೆ. ಜಿಐಪಿ ಮತ್ತು ಜಿಎಲ್‌ಪಿ-1 ಎರಡೂ ಇನ್ಸುಲಿನ್ ಸ್ರಾವವನ್ನು ಹೆಚ್ಚಿಸುತ್ತವೆ. ಜಿಎಲ್‌ಪಿ-1 ಮತ್ತು ಪಿವೈವೈ ಎರಡೂ ಜಠರದ ವೇಗವನ್ನು ತಗ್ಗಿಸಿ ತೃಪ್ತಿಯ ಭಾವವನ್ನು ಬೆಳೆಸುತ್ತವೆ.

ಪಿಷ್ಟ ಮತ್ತು ಸಕ್ಕರೆ

1964ರಲ್ಲಿ ಪ್ರಕಟವಾದ ಪ್ರಯೋಗಗಳು ಒಂದು ಅಚ್ಚರಿಯನ್ನು ತೋರಿಸಿಕೊಟ್ಟವು. ಗ್ಲೂಕೋಸನ್ನು ನೇರವಾಗಿ ರಕ್ತನಾಳಕ್ಕೆ ಕೊಟ್ಟಾಗ ಹೊರಡುವ ಇನ್ಸುಲಿನ್ನಿಗಿಂತ ಬಾಯಿಯ ಮೂಲಕ ಕುಡಿಸಿದಾಗ ಹೊರಡುವ ಇನ್ಸುಲಿನ್ ಬಹಳ ಹೆಚ್ಚು. ರಕ್ತದ ಸಕ್ಕರೆಯ ಮಟ್ಟ ಎರಡು ಸಲವೂ ಒಂದೇ ಇರುವಂತೆ ನೋಡಿಕೊಂಡರೂ ಈ ವ್ಯತ್ಯಾಸ ಉಳಿಯುತ್ತದೆ. ಅಂದರೆ ಕರುಳು ಮುಂಚಿತವಾಗಿಯೇ ಮೇದೋಜೀರಕ ಗ್ರಂಥಿಗೆ ಸಕ್ಕರೆ ಬರುತ್ತಿದೆಯೆಂದು ತಿಳಿಸಿರುತ್ತದೆ. ಆರೋಗ್ಯವಂತರಲ್ಲಿ ಗ್ಲೂಕೋಸ್ ಕುಡಿದ ನಂತರದ ಇನ್ಸುಲಿನ್ ಸ್ರಾವದ ಅರ್ಧಕ್ಕಿಂತ ಹೆಚ್ಚು ಪಾಲು ಈ ಕರುಳಿನ ಸುದ್ದಿಯಿಂದಲೇ ಬರಬಹುದು. ಸುದ್ದಿ ಒಯ್ಯುವವರು ಜಿಐಪಿ ಮತ್ತು ಜಿಎಲ್‌ಪಿ-1.

ಕರುಳು ಸಕ್ಕರೆಯನ್ನು ಗುರುತಿಸುವುದು ನಾಲಗೆಯಂತೆ ಸಿಹಿಯಿಂದಲೇ ಎಂದು ಭಾವಿಸಬಾರದು. ಗ್ಲೂಕೋಸನ್ನು ಕರುಳಿನಿಂದ ಒಳಗೆ ಎಳೆದುಕೊಳ್ಳುವ ಒಂದು ಸಾಗಣೆ ಪ್ರೋಟೀನಿದೆ. ಆ ಸಾಗಣೆ ನಡೆದಾಗಲೇ ಹಾರ್ಮೋನು ಹೊರಡುತ್ತದೆ. ಆದ್ದರಿಂದಲೇ ಆರೋಗ್ಯವಂತರಿಗೆ ಸುಕ್ರಲೋಸ್ ಎಂಬ ಕೃತಕ ಸಿಹಿಯನ್ನು ಜಠರಕ್ಕೆ ಕೊಟ್ಟು ನೋಡಿದಾಗ ಜಿಐಪಿಯಾಗಲಿ ಜಿಎಲ್‌ಪಿ-1 ಆಗಲಿ ಏರಲಿಲ್ಲ. ನಾಲಗೆ ಮೋಸಹೋಗಬಹುದು, ಕರುಳು ಅಷ್ಟು ಸುಲಭವಾಗಿ ಮೋಸಹೋಗದು.

ವೇಗಕ್ಕೂ ಇಲ್ಲಿ ಪಾತ್ರವಿದೆ. ಗ್ಲೂಕೋಸ್ ಸಣ್ಣ ಕರುಳಿಗೆ ಹನಿಹನಿಯಾಗಿ ಇಳಿದರೆ ಜಿಐಪಿ ಏರುತ್ತದೆ, ಜಿಎಲ್‌ಪಿ-1 ಹೆಚ್ಚಾಗಿ ಏರುವುದಿಲ್ಲ. ರಭಸದಿಂದ ಇಳಿದಾಗ ಅದು ಕರುಳಿನ ಕೆಳಭಾಗದವರೆಗೂ ತಲುಪಿ ಜಿಎಲ್‌ಪಿ-1 ಏರುತ್ತದೆ. ಹಾಗೆಂದು ಸಕ್ಕರೆ ಪಾನಕ ಒಳ್ಳೆಯದೆಂದು ಅರ್ಥವಲ್ಲ. ಬೇಗ ಜೀರ್ಣವಾಗುವ ಪಿಷ್ಟ ಮತ್ತು ಸಕ್ಕರೆ ಗ್ರೆಲಿನನ್ನು ಕೂಡಲೇ ಕೆಳಗಿಳಿಸುತ್ತವೆ. ಆದರೆ ಕೆಲವು ಗಂಟೆಗಳಲ್ಲಿ ಅದು ಮತ್ತೆ ಮೇಲೇಳುತ್ತದೆ. ಆರೋಗ್ಯವಂತರ ಮೇಲೆ ನಡೆದ ಅಧ್ಯಯನದಲ್ಲಿ ಅದು ಊಟಕ್ಕೆ ಮುಂಚಿನ ಮಟ್ಟವನ್ನೂ ದಾಟಿ ಏರಿದ್ದುಂಟು. ಬಿಸ್ಕತ್ತಿನ ಬೆಳಗು ಬೇಗನೆ ಹಸಿವಿಗೆ ತಿರುಗುವುದಕ್ಕೆ ಇದೊಂದು ಕಾರಣವಾಗಿರಬಹುದು.

ಪ್ರೋಟೀನು

ಕೆಲವು ಪಠ್ಯಗಳು ಸಸಾರಜನಕ ಎಂದೂ ಕೆಲವು ಪ್ರೋಟೀನು ಎಂದೂ ಬರೆಯುವುದು ಒಂದನ್ನೇ. ಕಾಳು, ಬೇಳೆ, ಹಾಲು, ಮೊಟ್ಟೆ, ಮೀನು, ಮಾಂಸಗಳ ಈ ಅಂಶ ಜಠರದಲ್ಲಿ ಮತ್ತು ಸಣ್ಣ ಕರುಳಿನಲ್ಲಿ ತುಂಡಾಗಿ ಪೆಪ್ಟೈಡುಗಳೂ ಅಮೈನೊ ಆಮ್ಲಗಳೂ ಆಗುತ್ತದೆ. ಈ ತುಂಡುಗಳನ್ನು ಗುರುತಿಸುವ ಗ್ರಾಹಕಗಳು ಕರುಳಿನ ಜೀವಕೋಶಗಳಲ್ಲಿವೆ. ಅವುಗಳಲ್ಲೊಂದು ಮೂಲತಃ ಕ್ಯಾಲ್ಸಿಯಂ ಅಳೆಯುವ ಗ್ರಾಹಕ. ಪ್ರೋಟೀನು ಸಿಸಿಕೆಯನ್ನು ಏರಿಸುತ್ತದೆ, ಜಿಎಲ್‌ಪಿ-1 ಮತ್ತು ಪಿವೈವೈಗಳನ್ನೂ ಏರಿಸುತ್ತದೆ. 2006ರಲ್ಲಿ ಲಂಡನ್ನಿನ ರೇಚಲ್ ಬ್ಯಾಟರ್‌ಹ್ಯಾಮ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ಸಮಾನ ಕ್ಯಾಲರಿಯ ಮೂರು ಬಗೆಯ ಊಟಗಳ ಪೈಕಿ ಪ್ರೋಟೀನು ಹೆಚ್ಚಿದ್ದ ಊಟವೇ ಪಿವೈವೈಯನ್ನು ಹೆಚ್ಚು ಏರಿಸಿ ಹಸಿವನ್ನು ಹೆಚ್ಚು ತಗ್ಗಿಸಿತು.

ಗ್ರೆಲಿನ್ ವಿಚಾರದಲ್ಲಿಯೂ ಪ್ರೋಟೀನಿನ ನಡತೆ ಪಿಷ್ಟದ್ದಕ್ಕಿಂತ ಬೇರೆ. ಇದು ಗ್ರೆಲಿನನ್ನು ನಿಧಾನವಾಗಿ ಇಳಿಸುತ್ತದೆ, ಆದರೆ ಬಹಳ ಹೊತ್ತು ಕೆಳಗೆ ಹಿಡಿದಿಡುತ್ತದೆ. ಕಾಳಿನ ಪಲ್ಯ ಉಂಡವರಿಗೆ ಹೊಟ್ಟೆ ಗಟ್ಟಿಯಾಗಿದೆ ಎನ್ನಿಸುವುದರ ಹಿಂದಿನ ಲೆಕ್ಕ ಇದು.

ಕೊಬ್ಬು

ಕೊಬ್ಬು ಸಿಸಿಕೆಯ ದೊಡ್ಡ ಪ್ರಚೋದಕ. ಆದರೆ ಒಂದು ಷರತ್ತಿದೆ: ಎಣ್ಣೆ ಎಣ್ಣೆಯಾಗಿಯೇ ಇದ್ದರೆ ಕರುಳಿಗೆ ಅದರ ಗುರುತು ಸಿಗದು. ಲೈಪೇಸ್ ಎಂಬ ಕಿಣ್ವ ಅದನ್ನು ಒಡೆದು ಕೊಬ್ಬಿನಾಮ್ಲಗಳನ್ನು ಬಿಡಿಸಬೇಕು. ಲೈಪೇಸನ್ನು ತಡೆಯುವ ಔಷಧ ಕೊಟ್ಟು ನಡೆಸಿದ ಪ್ರಯೋಗಗಳಲ್ಲಿ ಕೊಬ್ಬು ಹೊಟ್ಟೆಗೆ ಹೋದರೂ ಸಿಸಿಕೆಯ ಏರಿಕೆ ಕುಗ್ಗಿತು. ಕೊಬ್ಬಿನಾಮ್ಲದ ಉದ್ದಕ್ಕೂ ಬೆಲೆಯಿದೆ. 12 ಅಥವಾ ಅದಕ್ಕಿಂತ ಹೆಚ್ಚು ಕಾರ್ಬನ್ ಪರಮಾಣುಗಳ ಸರಪಳಿ ಇರುವ ಆಮ್ಲಗಳು ಸಿಸಿಕೆಯನ್ನು ಚೆನ್ನಾಗಿ ಹೊರಡಿಸುತ್ತವೆ. ಅದಕ್ಕಿಂತ ಗಿಡ್ಡ ಸರಪಳಿಗಳ ಪರಿಣಾಮ ಅತ್ಯಲ್ಪ. ಕಾಸರಗೋಡಿನ ಅಡುಗೆಮನೆಯ ತೆಂಗಿನೆಣ್ಣೆಯಲ್ಲಿ ಸುಮಾರು ಅರ್ಧ ಪಾಲು ಇರುವ ಲಾರಿಕ್ ಆಮ್ಲಕ್ಕೆ ಸರಿಯಾಗಿ 12 ಕಾರ್ಬನ್‌ಗಳಿವೆ. ಶೇಂಗಾ ಎಣ್ಣೆಯ ಮುಖ್ಯ ಆಮ್ಲಗಳಿಗೆ 18.

ಕೊಬ್ಬು ಜಿಐಪಿಯನ್ನೂ ಬಲವಾಗಿ ಏರಿಸುತ್ತದೆ, ಜಠರ ಬರಿದಾಗುವುದನ್ನು ನಿಧಾನಿಸುತ್ತದೆ. ಜೀರ್ಣವಾಗದೆ ಉಳಿದ ಕೊಬ್ಬು ಸಣ್ಣ ಕರುಳಿನ ಕೊನೆಯನ್ನು ತಲುಪಿದರೆ ಅಲ್ಲಿಂದ ಹೊರಡುವ ಪಿವೈವೈ ಮತ್ತು ಜಿಎಲ್‌ಪಿ-1 ಮೇಲಿನ ಇಡೀ ಸಾಲಿಗೆ ಲಗಾಮು ಹಾಕುತ್ತವೆ. ಆದರೆ ಗ್ರೆಲಿನನ್ನು ತಗ್ಗಿಸುವುದರಲ್ಲಿ ಕೊಬ್ಬು ಮೂರರ ಪೈಕಿ ಹಿಂದೆ. ಜತೆಗೆ ಒಂದು ಗ್ರಾಂ ಕೊಬ್ಬಿನಲ್ಲಿ ಸುಮಾರು 9 ಕಿಲೋಕ್ಯಾಲರಿ ಇದ್ದರೆ ಪಿಷ್ಟ ಮತ್ತು ಪ್ರೋಟೀನುಗಳಲ್ಲಿ ಸುಮಾರು 4. ಆದ್ದರಿಂದ ಕರಿದ ತಿಂಡಿ ಹೆಚ್ಚು ತಿಂದರೆ ಹಸಿವು ಹೋಗುತ್ತದೆ ಎಂಬ ತೀರ್ಮಾನಕ್ಕೆ ಯಾರೂ ಬರಬಾರದು.

ನಾರು

ನಾರನ್ನು ಜೀರ್ಣಿಸುವ ಕಿಣ್ವ ನಮ್ಮಲ್ಲಿಲ್ಲ. ಅದು ದೊಡ್ಡ ಕರುಳಿಗೆ ಇಳಿದು ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಅವು ಅದನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಗಿಡ್ಡ ಸರಪಳಿಯ ಕೊಬ್ಬಿನಾಮ್ಲಗಳನ್ನು ಉಂಟುಮಾಡುತ್ತವೆ. ದೊಡ್ಡ ಕರುಳಿನ ಜೀವಕೋಶಗಳಲ್ಲಿ ಇವನ್ನು ಗುರುತಿಸುವ ಬೇರೆ ಗ್ರಾಹಕಗಳಿವೆ. ಪ್ರೊಪಿಯೊನೇಟ್ ದೊಡ್ಡ ಕರುಳಿನಲ್ಲಿಯೇ ಬಿಡುಗಡೆಯಾಗುವಂತೆ ಮಾಡಿದ ಒಂದು ಪದಾರ್ಥವನ್ನು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡ ಜನರಿಗೆ ಕೊಟ್ಟು ನೋಡಿತು. 2015ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಪಿವೈವೈ ಮತ್ತು ಜಿಎಲ್‌ಪಿ-1 ಏರಿದ್ದವು. ಸಾಮಾನ್ಯ ಊಟದ ನಾರು ದೊಡ್ಡ ಕರುಳನ್ನು ಮುಟ್ಟಲು ಗಂಟೆಗಟ್ಟಲೆ ಬೇಕು. ಹೀಗಾಗಿ ನಾರಿನ ಫಲ ಅದೇ ಊಟಕ್ಕಿಂತ ಮುಂದಿನ ಊಟದಲ್ಲಿ, ಮತ್ತು ದಿನಗಳ ರೂಢಿಯಿಂದ ಕಾಣುವಂಥದ್ದು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಸಂಯೋಜನೆಯ ಕೋಷ್ಟಕಗಳ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ, ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಯಲ್ಲಿ 3 ಗ್ರಾಮಿಗಿಂತ ಕಡಿಮೆ. ಬೇಯಿಸಿ ತಣಿಸಿದ ಅನ್ನದಲ್ಲಿ ಪಿಷ್ಟದ ಒಂದು ಸಣ್ಣ ಪಾಲು ಮತ್ತೆ ಗಟ್ಟಿಗೊಂಡು ನಾರಿನಂತೆ ವರ್ತಿಸುತ್ತದೆ. ಹಿರಿಯರ ತಂಗಳನ್ನದಲ್ಲಿ ಈ ಗುಣ ಅಷ್ಟಿಷ್ಟು ಇದ್ದೇ ಇತ್ತು.

ಉಣ್ಣುವ ವೇಗ, ಉಣ್ಣುವ ಕ್ರಮ

ಒಂದೇ ತಿನಿಸನ್ನು ಬೇರೆಬೇರೆ ವೇಗದಲ್ಲಿ ತಿಂದರೂ ಕರುಳಿನ ಮಾತು ಬದಲಾಗುತ್ತದೆ. ಗ್ರೀಸಿನ ಅಥೆನ್ಸ್‌ನಲ್ಲಿ 17 ಮಂದಿ ಆರೋಗ್ಯವಂತ ಪುರುಷರಿಗೆ 300 ಮಿಲಿಲೀಟರ್ ಐಸ್‌ಕ್ರೀಮನ್ನು ಒಂದು ದಿನ 5 ನಿಮಿಷದಲ್ಲಿ, ಇನ್ನೊಂದು ದಿನ 30 ನಿಮಿಷದಲ್ಲಿ ತಿನ್ನಲು ಕೊಡಲಾಯಿತು. 2010ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ನಿಧಾನವಾಗಿ ತಿಂದ ದಿನ ಪಿವೈವೈ ಮತ್ತು ಜಿಎಲ್‌ಪಿ-1 ಹೆಚ್ಚು ಏರಿದ್ದವು.

ಕ್ರಮದ ಬಗೆಗೂ ಪ್ರಯೋಗಗಳಿವೆ. 2016ರಲ್ಲಿ ಜಪಾನಿನ ವೈದ್ಯರ ತಂಡವೊಂದು ಅನ್ನಕ್ಕೆ 15 ನಿಮಿಷ ಮೊದಲು ಮೀನು ಅಥವಾ ಮಾಂಸ ಉಂಡಾಗ ಏನಾಗುತ್ತದೆಂಬುದನ್ನು ಮಧುಮೇಹ ಇದ್ದವರಲ್ಲಿಯೂ ಇಲ್ಲದವರಲ್ಲಿಯೂ ಪರೀಕ್ಷಿಸಿ ಪ್ರಕಟಿಸಿತು. ಅನ್ನವನ್ನು ಮೊದಲು ಉಂಡ ದಿನಕ್ಕೆ ಹೋಲಿಸಿದರೆ ಜಿಎಲ್‌ಪಿ-1 ಹೆಚ್ಚಿತು, ಜಠರ ಬರಿದಾಗುವುದು ನಿಧಾನವಾಯಿತು, ರಕ್ತದ ಸಕ್ಕರೆಯ ಏರಿಕೆ ತಗ್ಗಿತು. ನಮ್ಮ ಎಲೆಯೂಟದಲ್ಲಿ ಅನ್ನಕ್ಕೆ ಮೊದಲು ಕೋಸಂಬರಿ ಮತ್ತು ಪಲ್ಯ ಬಡಿಸುವ ಪದ್ಧತಿ ಇದಕ್ಕಾಗಿಯೇ ಹುಟ್ಟಿತೆಂದು ನಾವು ಹೇಳುವುದಿಲ್ಲ. ಆದರೆ ಕೋಸಂಬರಿಯ ಹೆಸರುಬೇಳೆಯನ್ನು ಎಲೆಯ ಮೂಲೆಯಲ್ಲಿ ಉಳಿಸದೆ ಮೊದಲೇ ತಿನ್ನುವುದರಲ್ಲಿ ನಷ್ಟವೇನೂ ಇಲ್ಲ.

ಮಕ್ಕಳ ತಟ್ಟೆಗೆ ಇದರ ಅನ್ವಯ

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಒಂದು, ಮೇಲಿನ ಪ್ರಯೋಗಗಳೆಲ್ಲ ಬಹುಮಟ್ಟಿಗೆ ವಯಸ್ಕರ ಮೇಲೆ, ಸಣ್ಣ ಗುಂಪುಗಳಲ್ಲಿ ನಡೆದವು. ಹಾರ್ಮೋನು ಏರಿದ ಮಾತ್ರಕ್ಕೆ ಮುಂದಿನ ಊಟ ಖಂಡಿತ ಕಡಿಮೆಯಾಗುತ್ತದೆ ಎಂದೂ ಇಲ್ಲ. ರುಚಿ, ರೂಢಿ, ನಿದ್ದೆ, ಆಟ, ಜತೆಗಾರರು ಎಲ್ಲವೂ ಹಸಿವನ್ನು ಆಳುತ್ತವೆ. ಎರಡು, ಬೆಳೆಯುವ ಮಗುವಿನ ಹಸಿವನ್ನು ಅಡಗಿಸುವುದು ಯಾವ ಹೆತ್ತವರ ಗುರಿಯೂ ಆಗಬಾರದು. ಮಗು ಕಡಿಮೆ ತಿನ್ನಲಿ ಎಂಬುದಕ್ಕಲ್ಲ, ತಿಂದದ್ದು ಪಾಠದ ಹೊತ್ತಿನುದ್ದಕ್ಕೂ ಸಮನಾಗಿ ಒದಗಲಿ ಎಂಬುದಕ್ಕೆ ಈ ತಿಳಿವಳಿಕೆ ಬೇಕು.

ಹಾಗೆ ನೋಡಿದರೆ ಕಲಿಯಬೇಕಾದ ಪಾಠ ಸರಳ. ಪಿಷ್ಟ ಒಂಟಿಯಾಗಿ ಬಾರದಿರಲಿ. ಅದರ ಜತೆಗೆ ಕಾಳು ಅಥವಾ ಹಾಲು ಅಥವಾ ಮೊಟ್ಟೆ, ಒಂದು ಹಿಡಿ ಸೊಪ್ಪು ಅಥವಾ ತರಕಾರಿ ಇರಲಿ. ಕುಚ್ಚಲಕ್ಕಿ ಗಂಜಿಗೆ ಉಪ್ಪಿನಕಾಯಿಯಷ್ಟೇ ಅಲ್ಲ, ಹೆಸರು ಅಥವಾ ಕಡಲೆಯ ಪಲ್ಯವೂ ಬೇಕು. ಹೊಸೂರು, ತಾಳವಾಡಿ, ಮಡಕಶಿರಾ ಕಡೆಯ ಮುದ್ದೆಗೆ ಹುರುಳಿಸಾರು, ಸೊಪ್ಪಿನ ಸಾರು ಇದ್ದೇ ಇದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಿನ ರೊಟ್ಟಿಗೆ ಬೇಳೆಯ ಪಲ್ಯ, ಶೇಂಗಾ ಚಟ್ನಿ, ಮೊಸರು ಇವೆ. ಹುರುಳಿ, ಹೆಸರು, ಶೇಂಗಾ ಮೂರರಲ್ಲಿಯೂ 100 ಗ್ರಾಮಿಗೆ 20 ಗ್ರಾಮಿಗಿಂತ ಹೆಚ್ಚು ಪ್ರೋಟೀನಿದೆ. ಹೊಸದಾಗಿ ದುಬಾರಿ ಪುಡಿಗಳನ್ನು ಕೊಳ್ಳುವ ಅಗತ್ಯವಿಲ್ಲ.

ಶಾಲೆಯ ಮಧ್ಯಾಹ್ನದೂಟದ ರಾಷ್ಟ್ರೀಯ ಮಾನದಂಡವೂ ಇದೇ ಲೆಕ್ಕದ್ದು: ಕಿರಿಯ ಪ್ರಾಥಮಿಕ ಮಕ್ಕಳಿಗೆ 450 ಕಿಲೋಕ್ಯಾಲರಿ ಮತ್ತು 12 ಗ್ರಾಂ ಪ್ರೋಟೀನು, ಹಿರಿಯ ಪ್ರಾಥಮಿಕಕ್ಕೆ 700 ಕಿಲೋಕ್ಯಾಲರಿ ಮತ್ತು 20 ಗ್ರಾಂ. ಇದಕ್ಕಾಗಿ ದಿನಕ್ಕೆ 20 ಗ್ರಾಂ ಮತ್ತು 30 ಗ್ರಾಂ ಬೇಳೆಕಾಳು ನಿಗದಿಯಾಗಿದೆ. ತಮಿಳುನಾಡಿನ ಊಟದಲ್ಲಿ ಮೊಟ್ಟೆಯಿದೆ. ಕೇರಳದಲ್ಲಿ ಮೊಟ್ಟೆ ಮತ್ತು ಹಾಲಿನ ವ್ಯವಸ್ಥೆಯಿದೆ. ತಮಿಳುನಾಡಿನಲ್ಲಿ 2022ರ ಸೆಪ್ಟೆಂಬರ್‌ನಿಂದ ಬೆಳಗಿನ ಉಪಾಹಾರ ಯೋಜನೆಯೂ ಆರಂಭವಾಗಿದೆ. ಸಾರಿನಲ್ಲಿ ಬೇಳೆ ತಳ ಕಾಣುವಷ್ಟು ತೆಳುವಾಗಿದ್ದರೆ ಅದು ರುಚಿಯ ದೂರು ಮಾತ್ರವಲ್ಲ, ಪೋಷಣೆಯ ದೂರು. ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಈ ಅಂಕಿಗಳನ್ನು ಮುಂದಿಟ್ಟು ಕೇಳುವ ಹಕ್ಕು ಪ್ರತಿಯೊಬ್ಬ ಹೆತ್ತವರಿಗೂ ಇದೆ. ಅದನ್ನು ಕನ್ನಡದಲ್ಲಿಯೇ ಕೇಳಬಹುದು.

ಔಷಧ ಮತ್ತು ಜಾಹೀರಾತು

ಈಗ ಜಿಎಲ್‌ಪಿ-1 ಎಂಬ ಹೆಸರು ಜಾಹೀರಾತುಗಳಿಗೂ ಇಳಿದಿದೆ. ದೇಹ ತಾನೇ ಸುರಿಸುವ ಜಿಎಲ್‌ಪಿ-1 ರಕ್ತದಲ್ಲಿ ಒಂದೆರಡು ನಿಮಿಷದಲ್ಲಿ ಅರ್ಧಕ್ಕಿಳಿಯುತ್ತದೆ. ಡಿಪಿಪಿ-4 ಎಂಬ ಕಿಣ್ವ ಅದನ್ನು ಕತ್ತರಿಸುತ್ತದೆ. ಸೆಮಗ್ಲುಟೈಡ್‌ನಂಥ ಔಷಧವನ್ನು ಆ ಕಿಣ್ವಕ್ಕೆ ಸಿಗದಂತೆ ರೂಪಿಸಿರುವುದರಿಂದ ಅದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಆದ್ದರಿಂದ ಯಾವ ಊಟವೂ ಆ ಔಷಧಕ್ಕೆ ಸಮವಲ್ಲ. ನೈಸರ್ಗಿಕವಾಗಿ ಜಿಎಲ್‌ಪಿ-1 ಹೆಚ್ಚಿಸಿ ತಿಂಗಳಲ್ಲಿ ತೂಕ ಇಳಿಸುತ್ತೇವೆ ಎನ್ನುವ ಪುಡಿ, ಗುಳಿಗೆಗಳ ಮಾತನ್ನು ನಂಬಬೇಕಿಲ್ಲ. ಮಧುಮೇಹಕ್ಕೋ ತೂಕಕ್ಕೋ ಈ ಔಷಧಗಳು ಬೇಕೇ ಬೇಡವೇ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಈಗಾಗಲೇ ಮಧುಮೇಹದ ಔಷಧ ತೆಗೆದುಕೊಳ್ಳುತ್ತಿರುವ ಹಿರಿಯರು ಊಟದ ಕ್ರಮವನ್ನು ದೊಡ್ಡದಾಗಿ ಬದಲಿಸುವ ಮುನ್ನ ವೈದ್ಯರಿಗೆ ತಿಳಿಸಬೇಕು.

ವಿಜ್ಞಾನ ಶಿಕ್ಷಕರಿಗೆ ನಮ್ಮದೊಂದು ಸಲಹೆ. ಜೀರ್ಣಕ್ರಿಯೆಯ ಪಾಠದ ವಾರದಲ್ಲಿ ಮಕ್ಕಳು ತಾವು ಬೆಳಿಗ್ಗೆ ಉಂಡದ್ದನ್ನೂ ಮತ್ತೆ ಹಸಿವಾದ ಹೊತ್ತನ್ನೂ ಆರು ದಿನ ನೋಟ್‌ಬುಕ್ಕಿನಲ್ಲಿ ಬರೆಯಲಿ. ಯಾರ ಮನೆಯ ಊಟವನ್ನೂ ಹೀಗಳೆಯದಂತೆ, ಹೆಸರಿಲ್ಲದೆ ಆ ಪಟ್ಟಿಗಳನ್ನು ಕಪ್ಪುಹಲಗೆಯ ಮೇಲೆ ಹೋಲಿಸಲಿ. ಕೊಲೆಸಿಸ್ಟೊಕೈನಿನ್ ಎಂಬ ಉದ್ದದ ಹೆಸರು ಪರೀಕ್ಷೆಯ ನಂತರ ಮರೆತುಹೋಗಬಹುದು. ಆದರೆ ತನ್ನ ತಟ್ಟೆಯಲ್ಲಿ ಕಾಳು ಏಕಿರಬೇಕು ಎಂಬುದಕ್ಕೆ ತಾಯ್ನುಡಿಯಲ್ಲಿ ಕಾರಣ ತಿಳಿದ ಮಗು ಅದನ್ನು ಮನೆಗೂ ಒಯ್ಯುತ್ತದೆ, ಅಜ್ಜ ಅಜ್ಜಿಯರಿಗೂ ಹೇಳುತ್ತದೆ.